ಅಪ್ಪನ ಆಂಪ್ಲಿಫೈಯರಿನ ಮೇಣದುಂಡೆ

"ಆ ಮೇಣದುಂಡೆ ಮಾತ್ರ ಮುಟ್ಟಬೇಡ ಮಗಾ. ನಮ್ಮಣ್ಣ ಇಟ್ಟಿದ್ದು."

ಲಮ್ಯೈ ಅತ್ತೆ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದಳು. ಅಪ್ಪನ ಹಳೇ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತಿದ್ದ ಥನೂ ತಲೆ ಎತ್ತಲಿಲ್ಲ.

"ಮಾಟಾನಾ ಅತ್ತೆ? ಬ್ಯಾಂಕಾಕಲ್ಲಿ ಇಂಥ ಹಳೇ ಡಬ್ಬ ಎಷ್ಟು ರಿಪೇರಿ ಮಾಡಿದೀನಿ. ಜಿರಳೆ ಸಿಕ್ಕಿದಾವೆ, ದೆವ್ವ ಸಿಕ್ಕಿಲ್ಲ."

"ನಗಬೇಡ ಕಣೋ. ಇನ್ನೊಬ್ಬ ಮೈಕಿನೋನು ಹೊಟ್ಟೆಕಿಚ್ಚಿಗೆ ಮಾಡಿಸಿದ ಮಾಟಕ್ಕೇ ಅಣ್ಣನ ದನಿ ಹೋಗಿದ್ದು."

ಥನೂಗೆ ಮೈಯೆಲ್ಲ ಉರಿಯಿತು. ಸುಫನ್‌ಬುರಿ ಸೀಮೆಯ ಹೆಣಗಳಿಗೆಲ್ಲ ಮೈಕಿನಲ್ಲಿ ಬೀಳ್ಕೊಡುಗೆ ಹೇಳಿದ ಅಪ್ಪನ ಬಾಯಿ, ಮಗ ಶಾಲೆಗೆ ಸೇರಿದ ವರ್ಷ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಗಂಟಲಲ್ಲಿ ಏನೂ ಇಲ್ಲ ಎಂದಿದ್ದರು ಡಾಕ್ಟರು. ಹಠ, ಬರೀ ಹಠ. ಇವತ್ತು ಸಂಜೆ, ಪಕ್ಕದ ಬೌದ್ಧ ದೇವಸ್ಥಾನದಲ್ಲಿ ಮಲಗಿಸಿರುವ ಅಪ್ಪನನ್ನು ಸುಡುವ ಮುಂಚೆ, ಇದೇ ಆಂಪ್ಲಿಫೈಯರಿನಲ್ಲಿ ಮಗ ಮಾತಾಡುತ್ತಾನೆ. ನುಂಗಿಕೊಂಡದ್ದನ್ನೆಲ್ಲ ಊರೇ ಕೇಳುವಂತೆ ಕಕ್ಕುತ್ತಾನೆ.

ಅತ್ತೆ ಗೊಣಗುತ್ತ ಹೊರಗೆ ಹೋದಳು. ಕಂಡೆನ್ಸರುಗಳನ್ನು ಬದಲಿಸಿ ಆಯಿತು. ಟ್ರಾನ್ಸ್‌ಫಾರ್ಮರಿನ ಅಡಿಯಲ್ಲಿತ್ತು ಆ ಉಂಡೆ. ಹಳೇ ಕಂಡೆನ್ಸರಿನಂತೆಯೇ ಮೇಣ, ಎರಡು ತಂತಿ; ಎರಡನ್ನೂ ಡಬ್ಬದ ತಗಡಿಗೇ ಬೆಸೆಯಲಾಗಿತ್ತು. ಸರ್ಕ್ಯೂಟಿನಲ್ಲಿ ಅದಕ್ಕೆ ಕೆಲಸವೇ ಇಲ್ಲ. ಕೆಲಸವಿಲ್ಲದ್ದನ್ನು ಥನೂ ಉಳಿಸುವವನಲ್ಲ. ಕಾದ ಬೆಸುಗೆ ಕಡ್ಡಿ ತಾಗಿಸಿದ. ಮೇಣ ಕರಗಿತು, ಕೂದಲು ಸುಟ್ಟ ನಾತ ಮೂಗಿಗೆ ಹೊಡೆಯಿತು. ಕರಿ ದಾರ ಸುತ್ತಿದ ಹಾಲುಹಲ್ಲೊಂದು ಮೇಜಿನ ಮೇಲೆ ಬಿತ್ತು. "ಥೂ" ಎಂದು ಅದನ್ನು ಕಸಕ್ಕೆ ತಳ್ಳಿದ.

ಗಾಜಿನ ವಾಲ್ವುಗಳು ಅತಿಯಾಗಿ ಕೆಂಪಗಾಗುತ್ತವೆಯೇ ಎಂದು ನೋಡಲು ಬಾಗಿಲು, ಕಿಟಕಿ ಮುಚ್ಚಿ ಸ್ವಿಚ್ ಹಾಕಿದ. ಕತ್ತಲು. ಗುಂಯ್ ಸದ್ದು. ವಾಲ್ವುಗಳು ನಿಗಿನಿಗಿ ಕೆಂಡವಾದವು. ಮೈಕ್ ಜೋಡಿಸಿರಲಿಲ್ಲ. ಆದರೂ ಮಾಡಿನ ಮೇಲಿನ ಕಹಳೆ ಸ್ಪೀಕರು ಕೆಮ್ಮಿತು.

"ಕತ್ತೆ! ಯಾಕೋ ತೆಗೆದೆ?" ಗಂಡಸಿನ ದನಿ, ಸಿಟ್ಟಿಗೆ ಸೀಳಿದ್ದು. "ನಿನ್ನ ಹಲ್ಲು ಕದ್ದು ಆ ಮೈಕಿನೋನು ಮಾಟ ಮಾಡಿಸಿದ್ದು ನಿನಗೆ ಕಣೋ! ನಾನು ನನ್ನ ಮೇಲೆ ಎಳಕೊಂಡು ಇಲ್ಲಿ ಕಟ್ಟಿ ಹಾಕಿದ್ದೆ. ಒಂದು ಮಾತಾಡಿದ್ರೂ ಕಟ್ಟು ಬಿಚ್ಚೋಗ್ತಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ..."

ದನಿ ಕಡಿಯಿತು.

ಅಪ್ಪಾ ಎನ್ನಲು ಹೋದ ಥನೂ. ಬಾಯಿ ಆಡಿತು. ದನಿ ಬರಲಿಲ್ಲ. ಪ್ಲಗ್ ಕಿತ್ತ. ವಾಲ್ವು ಆರಲಿಲ್ಲ. ಕಿರುಚಿದ. ಗಾಳಿ ಮಾತ್ರ ಹೊರಬಿತ್ತು.

ಆಗ ಕಹಳೆ ಮಾತಾಡಿತು. ಥನೂನದೇ ದನಿ, ಸಂಜೆಗೆಂದು ಕೂಡಿಟ್ಟುಕೊಂಡಿದ್ದ ಮಾತು.

"ನೀನು ಅಪ್ಪಾನೇ ಅಲ್ಲ. ಒಂದು ದಿನ ನನ್ನ ಹೆಸರು ಹಿಡಿದು ಕರೆದಿದೀಯಾ? ಸುಟ್ಟು ಹೋಗು!"

ಅತ್ತೆ ಬಾಗಿಲು ಬಡಿಯುತ್ತಿದ್ದಳು. "ಹೆಣದ ಮುಂದೆ ಇದೆಂಥ ಮಾತೋ ಪಾಪಿ! ದೇವಸ್ಥಾನಕ್ಕೆಲ್ಲ ಕೇಳ್ತಿದೆ! ನಿಲ್ಸೋ!"

ಥನೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕಹಳೆ ಬೈಯುತ್ತಲೇ ಇತ್ತು.