ಮೊದಲೇ ಬಿಚ್ಚಿದ್ದ ಫೈಲು

‘ಫೈಲ್ ಹಾಳಾಗಿದೆ’ ಎಂದು ಕಂಪ್ಯೂಟರು ಮತ್ತೊಮ್ಮೆ ಹೇಳಿದಾಗ ಮೇಘಶ್ರೀಯ ಕೈ ತಾನಾಗಿಯೇ ಕತ್ತಿನ ಗಂಟಿಗೆ ಹೋಯಿತು.

ಆಕೆ ಗೋವಿನಕೋವಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ಆ ಗಂಟಿಗೆ ಸೂಜಿ ಚುಚ್ಚಿ ಮಾಡಿದ ಪರೀಕ್ಷೆಯ ರಿಪೋರ್ಟ್ ಲ್ಯಾಬಿನ ಲಿಂಕಿನಲ್ಲಿ ಬಂದಿತ್ತು. ತೆರೆಸಲು ನ್ಯಾಮತಿಗೆ, ಕೊಟ್ರೇಶನ ಕಂಪ್ಯೂಟರ್ ಸೆಂಟರಿಗೆ ಬಂದಿದ್ದಳು. ಊರಲ್ಲಿ ಬೇರೆ ಸೆಂಟರುಗಳೂ ಇದ್ದವು. ಆದರೆ ಅವುಗಳ ಮಾಲೀಕರು ಯಾರೂ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಆಕೆಯನ್ನು ಮದುವೆಗೆ ಕೇಳಿರಲಿಲ್ಲ. ಅಂದು ಕೊಟ್ರೇಶನಿಗೆ ‘ರಿಪೋರ್ಟ್ ಬರಲಿ, ಆಮೇಲೆ ಹೇಳ್ತೀನಿ’ ಎಂದು ಬಸ್ಸು ಹತ್ತಿದ್ದಳು.

“ಲ್ಯಾಬಿನೋರು ಬೇಕಂತ್ಲೇ ಮುಚ್ಚಿಡ್ತಿದಾರೇನ್ರೀ?”

“ಕೆಟ್ಟ ಸುದ್ದೀನ ಯಾರೂ ಜಿಪ್ ಮಾಡಿ ಕಳ್ಸಲ್ಲ ಮೇಡಂ.”

ನಗಿಸಲು ಹೇಳಿದ್ದು. ಆದರೆ ಅವನೇ ನಗಲಿಲ್ಲ. ಏನೇನೋ ಕ್ಲಿಕ್ ಮಾಡಿದವನು ಥಟ್ಟನೆ, “ಓ!” ಎಂದ.

“ಏನ್ರೀ? ಜೀವ ತಿನ್ಬೇಡ್ರಿ, ಹೇಳ್ರಿ!”

“ಲ್ಯಾಬಿನ ಸರ್ವರ್ರು ಫೈಲಿನ ಜತೆ ತಪ್ಪು ಹೆಡರ್, ಅಂದ್ರೆ ತಪ್ಪು ವಿವರದ ಚೀಟಿ ಕಳ್ಸೈತೆ. ಅದನ್ನ ನಂಬ್ಕೊಂಡು ಬ್ರೌಸರ್ರು ಫೈಲನ್ನ ದಾರೀಲೇ ಬಿಚ್ಚೈತೆ. ಹೆಸರಲ್ಲಿ ಜಿಝಡ್ ಅಂತ, ಜಿಪ್ ಆಗಿರೋ ಗುರುತಿನ ಬಾಲ ಮಾತ್ರ ಹಂಗೇ ಉಳ್ದೈತೆ. ನಾವು ಬಿಚ್ಚಿರೋದನ್ನೇ ಮತ್ತೆ ಬಿಚ್ಚಾಕೆ ಹೋಗ್ತಿದ್ವಿ.”

ಬಾಲ ಅಳಿಸಿದ. ರಿಪೋರ್ಟ್ ತೆರೆದುಕೊಂಡಿತು. ಮರುಕ್ಷಣವೇ ಅವನು ಸ್ಕ್ರೀನಿಗೆ ಅಂಗೈ ಅಡ್ಡ ಹಿಡಿದ.

“ಕೈ ತೆಗೀರಿ.”

“ಓದಿದ್ಮೇಲೆ ಮದ್ವೆಗೆ ನೀವು ಹೂಂ ಅಂದ್ರೂ ರಿಪೋರ್ಟೇ ಹೇಳ್ಸಿದಂಗೆ, ಊಹೂಂ ಅಂದ್ರೂ ಅದೇ ಹೇಳ್ಸಿದಂಗೆ. ನಂಗೆ ನಿಮ್ಮ ಮಾತು ಬೇಕು.”

“ಕೆಟ್ಟದ್ದಿದ್ರೆ?”

“ದಾವಣಗೆರೆ ದೊಡ್ಡಾಸ್ಪತ್ರೆಗೆ ಬಸ್ಸಲ್ಲಿ ಎರಡು ಟಿಕೆಟ್ಟು.”

ಅವನ ಬೆರಳ ಸಂದಿಯಲ್ಲಿ ಅಕ್ಷರಗಳು ಕಾಣುತ್ತಿದ್ದವು. ಇಣುಕಬಹುದಿತ್ತು. ಆಕೆ ಕಣ್ಣು ಮುಚ್ಚಿದಳು.

“ಹೂಂ.”

ಕೈ ಸರಿದದ್ದು ಗೊತ್ತಾಯಿತು. ಕಣ್ಣು ಬಿಟ್ಟರೆ ಕೊಟ್ರೇಶನ ಮುಖ ಸುಣ್ಣದಂತಾಗಿತ್ತು.

“ಮೇಘಾ... ಬಿನೈನ್ ಅಂತ ಐತೆ. ಅದ್ಯಾವ ನಮೂನೆ ಕ್ಯಾನ್ಸರು?”

ಆಕೆ ಓದಿದಳು. ನಂಬದೆ ಮತ್ತೆ ಓದಿದಳು. ಅಕ್ಷರಗಳು ಕಣ್ಣೀರಲ್ಲಿ ಕದಡತೊಡಗಿದವು.

“ಕ್ಯಾನ್ಸರ್ ಅಲ್ಲ ಅನ್ನೋದಕ್ಕೇ ಹಂಗಂತಾರೆ, ದಡ್ಡಾ!”

ಅವನು ಕುರ್ಚಿಯನ್ನು ಆಕೆಯತ್ತ ಎಳೆದುಕೊಂಡ.

“ಇನ್ನೊಂದ್ಸಲ ಹೇಳ್ರಿ.”

“ಯಾವುದನ್ನ? ‘ಅಲ್ಲ’ ಅಂದಿದ್ದಾ, ‘ಹೂಂ’ ಅಂದಿದ್ದಾ?”

“ಎರಡನ್ನೂ.”