ಬುಡವಿಲ್ಲದ ಅಣಬೆ

ಬೆಳಗ್ಗೆ ಏಳೂವರೆಗೆ ಠಾಣೆಗೆ ಬಂದ ಹೆಂಗಸಿನ ಕೈಯಲ್ಲಿ ಗಂಡನ ಕನ್ನಡಕವಿತ್ತು. ವಸ್ತುಸಂಗ್ರಹಾಲಯದ ಮೆಟ್ಟಿಲ ಮೇಲೆ ಸಿಕ್ಕಿತಂತೆ. ಗಂಡ ಪುಸ್ತಕಗಳಿಗೆ ಗಿಡ, ಅಣಬೆಗಳ ಚಿತ್ರ ಬರೆಯುವ ಕಲಾವಿದ. ಹಿಂದಿನ ಸಂಜೆ ಅಲ್ಲಿಗೆ ಹೋದವನು ಮನೆಗೆ ಬಂದಿರಲಿಲ್ಲ.

"ಯಾರ ಜೊತೆಗಾದ್ರೂ ಜಗಳ ಇತ್ತಾ?" ಇನ್‌ಸ್ಪೆಕ್ಟರ್ ಮೇಡಂ ಕೇಳಿದರು.

"ಯಾರ ತಂಟೆಗೂ ಹೋಗೋರಲ್ಲ, ಮೇಡಂ."

ಎಫ್‌ಐಆರ್ ದಾಖಲಾಯಿತು.

ಸಂಗ್ರಹಾಲಯದ ಗೋಡೆಯಲ್ಲಿ ಒಂದು ಚೌಕಟ್ಟು ಖಾಲಿಯಿತ್ತು. ಗಾಜಿಗೆ ಗೀರೂ ಬಿದ್ದಿರಲಿಲ್ಲ. ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಸಾಲಾಗಿ ಜೋಡಿಸಿಟ್ಟು, ಚಿತ್ರ ಒಯ್ದಿದ್ದರು. ಕಳ್ಳನಿಗೆ ಇಷ್ಟು ತಾಳ್ಮೆಯೇ? ಇನ್‌ಸ್ಪೆಕ್ಟರ್ ಪಂಚನಾಮೆ ಬರೆಸುತ್ತಲೇ ಸಂಗ್ರಹಾಲಯದ ಮೇಲ್ವಿಚಾರಕನತ್ತ ತಿರುಗಿದರು.

"ಏನಿತ್ತು ಇದ್ರಲ್ಲಿ?"

"ಅಣಬೆ ಚಿತ್ರ ಮೇಡಂ. ಇನ್ನೂರು ವರ್ಷದ್ದು. ಆಮೇಲಿನ ಪುಸ್ತಕಗಳಲ್ಲೆಲ್ಲ ಇದರದ್ದೇ ನಕಲು. ಈಗ ಕಾಣೆಯಾಗಿರೋ ಕಲಾವಿದರೂ ಇದನ್ನೇ ನೋಡಿ ಬರೆದ್ರು."

"ನಿಜವಾದ ಅಣಬೆ ನೋಡ್ಲಿಲ್ವಾ?"

ಅವನು ತಲೆ ತಗ್ಗಿಸಿದ. "ಹಳೇ ಕಲಾವಿದನಿಗೆ ಯಾರೋ ನೆಲಮಟ್ಟಕ್ಕೆ ಕೊಯ್ದು ತಂದುಕೊಟ್ಟಿದ್ರು. ಅವನು ಕಂಡಷ್ಟೇ ಬರೆದ. ತಿನ್ನೋ ಅಣಬೆ ಅಂತ ಹೆಸರಾಯ್ತು. ಇದು ವಿಷದ್ದು ಅನ್ನೋ ಗುರುತು ಮಣ್ಣೊಳಗೆ ಬುಡದ ಸುತ್ತ ಇರೋ ಚೀಲದಂಥ ಪೊರೆ. ಅದು ಯಾವ ನಕಲಲ್ಲೂ ಬರ್ಲಿಲ್ಲ."

ಹೆಡ್ ಕಾನ್‌ಸ್ಟೆಬಲ್ ಬರೆಯುತ್ತಿದ್ದವನು ಪೆನ್ನು ನಿಲ್ಲಿಸಿದ. "ಮೇಡಂ, ಹೋದ ವರ್ಷ ಒಂದು ಹುಡುಗಿ ಅಣಬೆ ತಿಂದು ಸತ್ತಿದ್ಲು. ಅಪ್ಪ ಬೀಗ ರಿಪೇರಿಯವನು. ಇದೇ ಕಲಾವಿದರ ಪುಸ್ತಕ ಹಿಡ್ಕೊಂಡು ಠಾಣೆಗೆ ಅಲೀತಿದ್ದ. ಪುಸ್ತಕದ ಮೇಲೆ ಕೇಸು ನಿಲ್ಲಲಿಲ್ಲ."

ಬೀಗದವನ ಮನೆಗೆ ಬೀಗವಿರಲಿಲ್ಲ. ಬಾಗಿಲು ತಳ್ಳಿದರೆ ಎಣ್ಣೆಯಲ್ಲಿ ಏನೋ ಬಾಡುವ ಘಮ. ಕಲಾವಿದನನ್ನು ಕುರ್ಚಿಗೆ ಕಟ್ಟಿಹಾಕಲಾಗಿತ್ತು. ಮುಂದೆ ತುಂಬಿದ ತಟ್ಟೆ, ಎದುರಿಗೆ ಗೋಡೆಗೆ ಒರಗಿಸಿದ ಆ ಚಿತ್ರ. ಬೀಗದವನು ಬಾಣಲೆಯಲ್ಲಿ ಸೌಟು ಆಡಿಸುತ್ತಿದ್ದ.

"ಒಲೆ ಆರಿಸು."

ಆರಿಸಿದ.

"ತಿಂದ್ರಾ?" ಇನ್‌ಸ್ಪೆಕ್ಟರ್ ಧಾವಿಸಿ ಕೇಳಿದರು. ಕಲಾವಿದ ಬಾಯಿ ಬಿಗಿಹಿಡಿದೇ ತಲೆಯಾಡಿಸಿದ, ಇಲ್ಲವೆಂದು.

"ಒಂದೇ ಮಾತು ಕೇಳ್ದೆ ಮೇಡಂ." ಬೀಗದವನ ದನಿ ಮೆತ್ತಗಿತ್ತು. "ಇದನ್ನ ತಿನ್ನಬಹುದಾ, ಬಾರದಾ? ಬರೆದೋರು ನೀವೇ ಹೇಳಿ ಅಂದೆ. ಬೆಳಗಾದ್ರೂ ಬಾಯಿ ಬಿಡ್ಲಿಲ್ಲ."

ಕೈ ಮುಂದೆ ಚಾಚಿ ಬೇಡಿ ಹಾಕಿಸಿಕೊಂಡ. ತಟ್ಟೆ, ಬಾಣಲೆ ಸೀಲಾಗಿ ಪ್ರಯೋಗಾಲಯಕ್ಕೆ ಹೋದವು. ವಿಷವಿದೆ ಎಂದು ವರದಿ ಬಂತು.

ಹೇಳಿಕೆಯಲ್ಲಿ ಅವನು ಕಲಾವಿದನನ್ನು ಬೈಯಲಿಲ್ಲ. ಮಗಳು ಅಂದು ತಿನ್ನಲು ಹಿಂಜರಿದಿದ್ದಳು. ಅಪ್ಪನೇ ಪುಸ್ತಕ ಬಿಡಿಸಿ ಚಿತ್ರ ತೋರಿಸಿ, ಮೊದಲ ತುತ್ತು ಕೈಯಾರೆ ಉಣಿಸಿದ್ದ. ರುಚಿಯಾಗಿದೆ ಎಂದಳೆಂದು ತನ್ನ ಪಾಲನ್ನೂ ಅವಳ ತಟ್ಟೆಗೇ ಬಡಿಸಿದ್ದ.