ಅವನ ದನಿ ಬೇಡವೆಂದ ಸಂಜೆ

"ನನ್ನ ಸ್ಪೀಕರಿನಲ್ಲಿ ಟೋರು ದನಿ ಬೇಡ ಅಕ್ಕ. ಪೂರ್ತಿ ತೆಗೆದುಬಿಡಿ."

ಸಾಹೊ ಅದನ್ನು ಮೈಕಿನಲ್ಲೇ ಹೇಳಿದಳು. ರಿಹರ್ಸಲಿನಲ್ಲಿ ಹಾಗೆಯೇ ಹೇಳುವುದು. ಕಾಲ ಬಳಿಯ ಸ್ಪೀಕರಿನಲ್ಲಿ ತನಗೆ ಯಾರ ದನಿ ಎಷ್ಟು ಕೇಳಬೇಕೆಂದು, ಸಭಾಂಗಣದ ಆ ತುದಿಯಲ್ಲಿ ಕುಳಿತ ಸೌಂಡಿನವರಿಗೆ ಇನ್ನು ಹೇಗೆ ತಿಳಿಯಬೇಕು? ಆದರೆ ಸಪ್ಪೊರೊದ ಆ ನೆಲಮಾಳಿಗೆ ಸಭಾಂಗಣ ಖಾಲಿಯಿತ್ತು. ಮಾತು ನಾಲ್ಕೂ ಗೋಡೆಗೆ ಬಡಿದು, ಕೀಬೋರ್ಡಿನ ಮುಂದೆ ಕುಳಿತಿದ್ದ ಟೋರುವಿನ ಎದೆಗೇ ಬಂದು ಬಿತ್ತು.

"ಪೂರ್ತಿನಾ?" ಸೌಂಡಿನ ಮುರೋಯ್ ಅಕ್ಕ ಕನ್ನಡಕ ಹಣೆಗೇರಿಸಿದಳು. "ಅವನ ದನಿ ಇನ್ನೂ ಜಾಸ್ತಿ ಮಾಡಿ, ಇನ್ನೂ ಜಾಸ್ತಿ ಮಾಡಿ ಅಂತ ಇಷ್ಟು ವರ್ಷ ನನ್ನ ಪ್ರಾಣ ತಿಂದೋಳು ನೀನೇ ಅಲ್ವೇನೇ?"

"ಇವತ್ತು ಬೇಡ."

ಟೋರು ತಲೆಯೆತ್ತಲಿಲ್ಲ. ಕೀಬೋರ್ಡಿನ ಮೇಲೆ ಇಲ್ಲದ ಧೂಳನ್ನು ಒರೆಸಿದ.

ಕಾಲೇಜಿನ ಕ್ಯಾಂಟೀನಿನಲ್ಲಿ ಶುರುವಾದ ಹಾಡಿನ ಜೋಡಿ ಇದು. ಹೆಸರು 'ಹಗಲು ದೀಪ'. ಯಾರಿಗೂ ಉಪಯೋಗಕ್ಕೆ ಬಾರದವರು ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಂಡು ಇಟ್ಟ ಹೆಸರು. ಹಾಡುವವಳು ಅವಳು, ಬಾರಿಸುತ್ತ ಕೆಳದನಿಯಲ್ಲಿ ಜೊತೆಗೂಡುವವನು ಇವನು. ರೆಕಾರ್ಡ್ ಕಂಪನಿ ಇಲ್ಲ, ಮ್ಯಾನೇಜರ್ ಇಲ್ಲ. ಸಿ.ಡಿ.ಯ ಕಾಗದದ ಕವರನ್ನೂ ಇಬ್ಬರೇ ಕೂತು ಮಡಚುತ್ತಿದ್ದರು. ಹೀಟರ್ ಕೆಟ್ಟ ವ್ಯಾನಿನಲ್ಲಿ ಹಿಮ ಸೀಳಿಕೊಂಡು ದೂರದ ಕುಶಿರೊ ಊರಿನವರೆಗೆ ಹೋಗಿ, ಒಂಬತ್ತು ಜನರ ಮುಂದೆ ಹಾಡಿ ಬಂದದ್ದುಂಟು. ಆ ವ್ಯಾನಿನಲ್ಲಿ ಅವಳು ನಿದ್ದೆಗಣ್ಣಲ್ಲಿ ಇವನ ಭುಜಕ್ಕೊರಗಿದ್ದ ದಿನದಿಂದ ಟೋರುವಿಗೆ ಅವಳೆಂದರೆ ಜೀವ. ಹೇಳಲಿಲ್ಲ. ಹೇಳಿ ಜೋಡಿ ಒಡೆದರೆ ಎಂಬ ಭಯ ಅವನಿಗೆ.

ಈಗ ಹೇಳದೆಯೇ ಒಡೆಯುತ್ತಿತ್ತು. ಟೋಕಿಯೋದ ಕಂಪನಿಯೊಂದು ಸಾಹೊಳನ್ನು ಕರೆದಿತ್ತು, ಅವಳೊಬ್ಬಳನ್ನೇ. ಸೂಪ್ ಕರಿ ತಿನ್ನುತ್ತ ಅವಳು ವಿಷಯ ತೆಗೆದಾಗ ಟೋರು ಒಂದೇ ಉಸಿರಿಗೆ "ಹೋಗು" ಅಂದಿದ್ದ. ಅವಳು ಚಮಚ ಕೆಳಗಿಟ್ಟು ಬಹಳ ಹೊತ್ತು ಅವನನ್ನೇ ನೋಡಿ, "ಸರಿ" ಅಂದಿದ್ದಳು. ಇಂದು ಕೊನೆಯ ಹಾಡಿಗೆ ಮುಂಚೆ ಜೋಡಿ ಮುಗಿಯಿತೆಂದು ಜನರಿಗೆ ತಿಳಿಸಬೇಕು. ಯಾರು ಹೇಳುವುದೆಂದು ಕಲ್ಲು-ಕಾಗದ-ಕತ್ತರಿ ಆಡಿದರು, ಟೋರು ಸೋತ.

ಮೇಕಪ್ ಕೋಣೆಯಲ್ಲಿ ಅವಳು ಕಣ್ಣಿಗೆ ಗೆರೆ ಎಳೆದುಕೊಳ್ಳುತ್ತಿದ್ದಳು. ಕನ್ನಡಿಯಲ್ಲಿ ಕಣ್ಣು ಸಿಕ್ಕಿತು.

"ಯಾಕೆ?" ಟೋರು ಕೇಳಿದ.

"ಏನು ಯಾಕೆ?"

"ನನ್ನ ದನಿ."

"ಇನ್ಮೇಲೆ ಅದಿಲ್ದೇನೇ ಹಾಡ್ಬೇಕಲ್ಲ. ರೂಢಿ ಮಾಡ್ಕೋಬೇಡ್ವಾ?"

"ಒಳ್ಳೇದು."

ಪೆನ್ಸಿಲ್ ಅರ್ಧದಲ್ಲೇ ನಿಂತಿತು. "ಒಳ್ಳೇದಾ? ನಿನ್ನ ಬಾಯಲ್ಲಿ ಯಾವುದಕ್ಕಾದ್ರೂ 'ಬೇಡ' ಅನ್ನೋ ಮಾತು ಬಂದಿದ್ಯಾ ಟೋರು, ಹುಟ್ಟಿದಾಗಿಂದ?"

ಟೋರು ಬಾಯಿ ತೆರೆದ. ಅಷ್ಟರಲ್ಲಿ ಸಭಾಂಗಣದ ಬಾಗಿಲು ತೆರೆದು ಜನ ಮೆಟ್ಟಿಲಿಳಿಯುವ ಸದ್ದು ಕೇಳಿಸಿತು.

ಮೊದಲೆರಡು ಹಾಡು ಹೇಗೋ ಸಾಗಿದವು. ಮೂರನೆಯದರಲ್ಲಿ ಸಾಹೊಳ ಸ್ವರ ಕೂದಲೆಳೆಯಷ್ಟು ಜಾರಿತು. ಜನಕ್ಕೆ ತಿಳಿಯಲಿಲ್ಲ, ಟೋರುವಿಗೆ ತಿಳಿಯಿತು. ಅವನ ದನಿ ಕೇಳಿಸದೆ ಅವಳು ಅವನ ತುಟಿ ನೋಡಿದಳು, ಉಸಿರೆಳೆಯುವಾಗ ಏಳುವ ಅವನ ಭುಜ ನೋಡಿದಳು. ಸಾಲದೆ, ವೈರು ಎಳೆದುಕೊಂಡು ಕೀಬೋರ್ಡಿನ ಪಕ್ಕಕ್ಕೇ ಬಂದು ನಿಂತು ಹಾಡಿದಳು. ಅವಳ ತೋಳು ಅವನ ಕೈಗೆ ತಗಲುತ್ತಿತ್ತು. ಅವನು ಬಾರಿಸಬೇಕಾದದ್ದನ್ನು ಬೆರಳುಗಳೇ ಬಾರಿಸಿದವು.

ಹಾಡು ಮುಗಿದು ಚಪ್ಪಾಳೆ ಬೀಳುವಾಗ ಅವಳು ಮೈಕನ್ನು ಬೆನ್ನ ಹಿಂದೆ ಹಿಡಿದು ಬಗ್ಗಿದಳು.

"ಕಿವೀಲಿ ನಿನ್ನ ದನಿ ಇದ್ರೆ ಅಳು ಬರುತ್ತೆ. ಇಲ್ದಿದ್ರೆ ಸ್ವರ ತಪ್ಪುತ್ತೆ. ಏನ್ ಮಾಡ್ಲಿ ನೀನೇ ಹೇಳು."

ಅವನು ಮುಂದಿನ ಹಾಡು ಶುರುಮಾಡಿದ.

ಕೊನೆಗೆ ಆ ಗಳಿಗೆ ಬಂದೇಬಿಟ್ಟಿತು. "ನಿಮಗೆಲ್ಲ ಒಂದು ವಿಷಯ ತಿಳಿಸಬೇಕು," ಅಂದ ಟೋರು. ಈ ದನಿಯಲ್ಲಿ ಶುರುವಾದ ಮಾತು ಎಲ್ಲಿಗೆ ಮುಟ್ಟುತ್ತದೆಂದು ಬ್ಯಾಂಡುಗಳ ಹಿಂದೆ ಅಲೆದವರಿಗೆಲ್ಲ ಗೊತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೊರಳಲ್ಲಿದ್ದ ಟವೆಲನ್ನು ಬಾಯಿಗೊತ್ತಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಟೋಕಿಯೋದವರು ಸಾಹೊನ ಕರ್ದಿದ್ದಾರೆ. ಅವಳು ಹೋಗ್ಬೇಕು. 'ಹಗಲು ದೀಪ' ಇವತ್ತಿಗೆ ಮುಗೀತು."

ಸೊಂಟ ಬಗ್ಗಿಸಿ ನಮಸ್ಕರಿಸಿದ. ಎಲ್ಲೋ ಬಿಕ್ಕು ಕೇಳಿಸಿತು. ಹೇಳಬೇಕಾದದ್ದು ಅಷ್ಟೇ, ಕೂತುಬಿಡಬೇಕಿತ್ತು. ಆದರೆ ಸಾಹೊ ತಲೆತಗ್ಗಿಸಿ ಮೈಕಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಬೆರಳು ಬಿಳಿಚುವಷ್ಟು ಬಿಗಿಯಾಗಿ.

"ಇನ್ನೊಂದಿದೆ." ಟೋರು ಮತ್ತೆ ಮೈಕಿಗೆ ಬಾಗಿದ. "ಹೋಗು ಅಂತ ನಾನೇ ಅಂದೆ. ಸಲೀಸಾಗಿ ಅಂದುಬಿಟ್ಟ ಅಂತ ಅವಳು ತಿಳ್ಕೊಂಡಿದ್ದಾಳೆ. ಆ ರಾತ್ರಿ ಅನ್ನ ಸೇರ್ಲಿಲ್ಲ ನಂಗೆ. ಜೋಡಿ ಮುಗಿದ್ರೆ ಮುಗೀಲಿ. ನಂಗೆ ಇವಳು ಬೇಕು. ಹಾಡೋಕಲ್ಲ. ಹಾಡು ಮುಗಿದ ಮೇಲೂ ಬೇಕು."

ಸಾಹೊ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಬರಿಬಾಯಲ್ಲೇ ಮಾತಾಡಿದಳು.

"ಟೋಕಿಯೋದಲ್ಲಿ ಆಗ್ಲೇ ಮನೆ ಹಿಡಿದಿದ್ದೀನಿ."

"ಗೊತ್ತಿರ್ಲಿಲ್ಲ."

"ನೀನು ಕೇಳಿದ್ರೆ ತಾನೆ. ಸ್ಟೇಷನ್ನಿಗೆ ದೂರ, ಬಿಸಿಲು ಬರಲ್ಲ. ಆದ್ರೂ ಅದೇ ಬೇಕು ಅಂತ ಹಟ ಹಿಡಿದೆ. ವಾದ್ಯ ಬಾರಿಸೋಕೆ ಬಿಡೋ ಮನೆ ಅಲ್ಲಿ ಸುಲಭಕ್ಕೆ ಸಿಗಲ್ಲ."

"ವಾದ್ಯ ಯಾಕೆ?" ಪೆದ್ದನಂತೆ ಕೇಳಿದ ಟೋರು.

ಅವಳ ಕಣ್ಣಿನ ಗೆರೆ ಕೆನ್ನೆಗಿಳಿದಿತ್ತು, ತುಟಿಯ ಮೂಲೆಯಲ್ಲಿ ನಗುವಿತ್ತು.

"ನಂಗೆ ಯಾವ ವಾದ್ಯ ಬರುತ್ತೆ ಟೋರು?"

ಅವನು ಕೊನೆಯ ಹಾಡನ್ನು ತಪ್ಪು ಸ್ವರದಲ್ಲಿ ಶುರುಮಾಡಿದ. ಸಾಹೊ ತಿದ್ದಲಿಲ್ಲ, ಅದೇ ಸ್ವರ ಹಿಡಿದು ಹಾಡಿದಳು.